ಕರಾವಳಿಯ ಹಿತ್ತಿಲಲ್ಲಿ ಸೀತಾಫಲ: ಮಳೆಯ ಲೆಕ್ಕ ಹಿಡಿದು ಬೆಳೆಸುವ ಬಗೆ

ಮಂಗಳೂರು, ಉಡುಪಿ ಕಡೆ ಸೀತಾಫಲದ ಗಿಡ ನೆಡುತ್ತೇನೆ ಎಂದರೆ ಹೆಚ್ಚಿನವರು ಹೇಳುವ ಮಾತು ಒಂದೇ: "ಅದು ಘಟ್ಟದ ಮೇಲಿನ ಹಣ್ಣು ಮಾರಾಯ್ರೆ, ನಮ್ಮಲ್ಲಿ ಆಗುವುದಿಲ್ಲ." ಹೇಳುವವರ ಹಿತ್ತಿಲಲ್ಲೇ ಒಂದು ಮರ ಇರುತ್ತದೆ. ಹಸಿರಾಗಿ ಬೆಳೆದಿರುತ್ತದೆ, ಹೂವೂ ಬಿಡುತ್ತದೆ. ಆಮೇಲೆ ಹೂವೆಲ್ಲ ಉದುರುತ್ತದೆ. ಉಳಿದ ನಾಲ್ಕು ಕಾಯಿ ಮಳೆಗಾಲದಲ್ಲಿ ಕಪ್ಪಾಗಿ ಕಲ್ಲಿನಂತೆ ಮರದಲ್ಲೇ ಒಣಗುತ್ತವೆ.

ಆಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ತೊಂದರೆ ಇರುವುದು ಎರಡು ಕಡೆ. ಒಂದು, ಬೇರಿನಲ್ಲಿ ನಿಲ್ಲುವ ನೀರು. ಇನ್ನೊಂದು, ಕಾಯಿ ಬಲಿಯುವ ತಿಂಗಳು. ಇವೆರಡನ್ನು ಸರಿ ಮಾಡಿಕೊಂಡರೆ ಉಳಿದದ್ದು ಸಾಮಾನ್ಯ ಆರೈಕೆ.

ಸೀತಾಫಲದ ಮೂಲ ಅಮೆರಿಕ ಖಂಡದ ಬಿಸಿ ನಾಡು. ನಮ್ಮ ದೇಶಕ್ಕೆ ಬಂದ ಮೇಲೆ ದಖನ್ನಿನ ಒಣ ಗುಡ್ಡಗಳಲ್ಲಿ ಯಾರೂ ನೆಡದೆ, ನೀರು ಕೊಡದೆ, ತಾನಾಗಿಯೇ ಬೆಳೆಯುವಷ್ಟು ಒಗ್ಗಿಕೊಂಡಿತು. ಚಿತ್ರದುರ್ಗದಂಥ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಮಂಗಳೂರಿನಲ್ಲಿ 3500ಕ್ಕೂ ಜಾಸ್ತಿ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬರ ತಡೆಯುವ ಈ ಮರಕ್ಕೆ ಕೆಸರು ಮಾತ್ರ ತಡೆಯಲು ಆಗುವುದಿಲ್ಲ. ಹಾಗಾಗಿ ನಾವು ಮೊದಲು ಯೋಚಿಸಬೇಕಾದದ್ದು ನೀರು ಕೊಡುವ ಬಗ್ಗೆ ಅಲ್ಲ, ಅದನ್ನು ಬುಡದಿಂದ ಹೊರಗೆ ಹಾಕುವ ಬಗ್ಗೆ.

ಯಾವ ಗಿಡ ತರಬೇಕು

ಹಿತ್ತಿಲಿಗೆ ಒಂದೇ ಮರ ಸಾಕು ಅನ್ನುವವರು ಬಾಲಾನಗರ ತಳಿಯ ಕಸಿ ಗಿಡ ತನ್ನಿ. ತೆಲಂಗಾಣದ ಕಡೆಯ ಹಳೆಯ ತಳಿ, ಗಟ್ಟಿ ಜೀವ, ಹಣ್ಣಿನ ಗಾತ್ರವೂ ಚೆನ್ನಾಗಿದೆ. ಬೀಜ ಕಡಿಮೆ ಇರಲಿ, ತಿರುಳು ಜಾಸ್ತಿ ಇರಲಿ ಅನ್ನುವವರಿಗೆ ಅರ್ಕಾ ಸಹನ್ ಇದೆ. ಇದು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹೈಬ್ರಿಡ್. ಹಣ್ಣು ದೊಡ್ಡದು, ಬಹಳ ಸಿಹಿ. ಆದರೆ ಒಂದು ಷರತ್ತು ಇದೆ: ಕೈಯಿಂದ ಪರಾಗ ಮುಟ್ಟಿಸದೆ ಬಿಟ್ಟರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಹೂವಿನ ಜೊತೆ ಕೂರುವ ತಾಳ್ಮೆ ಇಲ್ಲದಿದ್ದರೆ ಅದರ ಆಸೆ ಬಿಡಿ. ಎನ್‌ಎಂಕೆ ಗೋಲ್ಡನ್ ಕೂಡ ಈಗ ನರ್ಸರಿಗಳಲ್ಲಿ ಸಿಗುತ್ತದೆ. ಕೆಂಪು ಸಿಪ್ಪೆಯ ಬೇರೊಂದು ಬಗೆ ನೋಡಲು ಚಂದ, ರುಚಿಯಲ್ಲಿ ದೊಡ್ಡ ಹೆಚ್ಚುಗಾರಿಕೆ ಇಲ್ಲ.

ಬೀಜ ಹಾಕಿಯೂ ಬೆಳೆಸಬಹುದು. ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ ಹಾಕಿದರೆ ತಿಂಗಳು, ಒಂದೂವರೆ ತಿಂಗಳಲ್ಲಿ ಮೊಳಕೆ ಬರುತ್ತದೆ. ಬೀಜದ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ, ಕಸಿ ಗಿಡಕ್ಕೆ ಎರಡು ಮೂರು ವರ್ಷ. ಅರ್ಕಾ ಸಹನ್ ಹಣ್ಣು ತಿಂದು ಅದರ ಬೀಜ ಹಾಕಿದರೆ ಅದೇ ಹಣ್ಣು ಸಿಗುವುದಿಲ್ಲ. ಹೈಬ್ರಿಡ್ ಅಲ್ವಾ?

ಗಿಡ ಕೊಳ್ಳುವಾಗ ಕಸಿ ಕಟ್ಟಿದ ಜಾಗ ನೋಡಿ. ಅದು ಮಣ್ಣಿಗಿಂತ ಅರ್ಧ ಅಡಿಯಾದರೂ ಮೇಲಿರಬೇಕು, ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕಚ್ಚಿ ಹಿಡಿದಿರಬಾರದು. ಮಳೆಗಾಲದಲ್ಲಿ ಪಿಕಪ್‌ನಲ್ಲಿ ಗಿಡ ತುಂಬಿಸಿಕೊಂಡು ಮನೆ ಬಾಗಿಲಿಗೆ ಬರುವವರ ಹತ್ತಿರ ಸೀತಾಫಲ ಮಾತ್ರ ಕೊಳ್ಳದಿರುವುದು ಒಳ್ಳೆಯದು. ಎಲೆ ನೋಡಿ ತಳಿ ಹೇಳುವುದು ಕಷ್ಟ. ಹಣ್ಣು ಬಂದಾಗ ಅದು ಏನೆಂದು ತಿಳಿಯಲು ಮೂರು ವರ್ಷ ಕಾಯಬೇಕು.

ಜಾಗ ಮತ್ತು ದಿಬ್ಬ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನಮ್ಮ ಹಿತ್ತಿಲುಗಳಲ್ಲಿ ಇದೇ ಕಷ್ಟ, ಎಲ್ಲಿ ನೋಡಿದರೂ ತೆಂಗಿನ ನೆರಳು. ಅಡಿಕೆ ಸಾಲಿನ ನಡುವೆ, ಹಲಸಿನ ಅಡಿಯಲ್ಲಿ ನೆಟ್ಟರೆ ಗಿಡ ಉದ್ದಕ್ಕೆ ಹೋಗುತ್ತದೆ, ಹೂವು ಬರುವುದಿಲ್ಲ. ಬಚ್ಚಲಿನ ನೀರು ಹರಿಯುವ ಕಡೆ ಬಾಳೆ, ಕೆಸು ಇರಲಿ. ಬೈಲಿನ ತಗ್ಗಿನಲ್ಲಿ ಮನೆ ಇರುವವರಿಗೆ ಇದು ಕಷ್ಟವೇ. ಗುಡ್ಡೆಯ ಇಳಿಜಾರಿನಲ್ಲಿ ಮನೆ ಇದ್ದರೆ ಅರ್ಧ ಕೆಲಸ ಆದ ಹಾಗೆ. ಕಡಲಿನ ತೀರಾ ಹತ್ತಿರ, ಬಾವಿ ನೀರು ಉಪ್ಪಾಗುವ ಕಡೆ ನೆಲಕ್ಕಿಂತ ಡ್ರಮ್ ವಾಸಿ. ಉಪ್ಪು ಮಣ್ಣು ಇದಕ್ಕೆ ಹಿಡಿಸುವುದಿಲ್ಲ. ಕೊಂಬೆಯೂ ಪೆಡಸು, ಮಳೆಗಾಲದ ಪಡುಗಾಳಿಗೆ ಮುರಿಯುತ್ತದೆ. ಪಡುವಣ ಬದಿಯಲ್ಲಿ ಮನೆಯ ಗೋಡೆಯೋ ಬೇಲಿಯೋ ಇದ್ದರೆ ಅನುಕೂಲ.

ಇನ್ನು ಹೊಂಡದ ವಿಷಯ. ಪುಸ್ತಕಗಳಲ್ಲಿ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಹೊಂಡ ತೆಗೆಯಿರಿ ಎಂದಿರುತ್ತದೆ. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಪಿಕ್ಕಾಸಿನಿಂದ ಮುರಕಲ್ಲು ಒಡೆದು ಅಂಥ ಹೊಂಡ ಮಾಡಿದರೆ ಅದು ಗಿಡಕ್ಕೆ ಮಾಡಿದ ಪುಟ್ಟ ಬಾವಿ. ಸುತ್ತ ಗಟ್ಟಿ ಕಲ್ಲು, ಒಳಗೆ ಸಡಿಲ ಮಣ್ಣು. ಜೂನ್‌ನಲ್ಲಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಜುಲೈ ಹೊತ್ತಿಗೆ ಬೇರು ಕೊಳೆತು, ಎಲೆ ಹಳದಿಯಾಗಿ, ಆಗಸ್ಟಿನಲ್ಲಿ ಗಿಡ ಬಗ್ಗುತ್ತದೆ. ಆಗ ನಾವು ಒರಲೆ ಹಿಡಿದಿದೆ ಅಂದುಕೊಂಡು ಔಷಧಿ ಹುಡುಕುತ್ತೇವೆ!

ಅದರ ಬದಲು ಹೀಗೆ ಮಾಡಿ. ನೆಲವನ್ನು ಒಂದು ಅಡಿ ಆಳಕ್ಕೆ ಮಾತ್ರ, ಆದರೆ ನಾಲ್ಕು ಐದು ಅಡಿ ಅಗಲಕ್ಕೆ ಸಡಿಲ ಮಾಡಿ. ಇಳಿಜಾರಿನ ಬದಿಗೆ ಒಂದು ಕಣಿ ತೋಡಿ, ನೀರು ಅಲ್ಲಿಂದ ಹೊರಗೆ ಹೋಗುವಂತಿರಲಿ. ಅದರ ಮೇಲೆ ಒಂದೂವರೆಯಿಂದ ಎರಡು ಅಡಿ ಎತ್ತರದ ದಿಬ್ಬ ಮಾಡಿ. ದಿಬ್ಬಕ್ಕೆ ಮೇಲ್ಮಣ್ಣು ಎರಡು ಪಾಲು, ಹಟ್ಟಿ ಗೊಬ್ಬರ ಒಂದು ಪಾಲು, ಸುಡುಮಣ್ಣು ಒಂದು ಪಾಲು. ಸುಡುಮಣ್ಣು ಸಿಗದಿದ್ದರೆ ದಪ್ಪ ಮರಳು ಹಾಕಿ, ಹೊಳೆ ಮರಳು ಆಗಬೇಕು, ಕಡಲಿನದ್ದು ಬೇಡ. ಒಂದು ಕಿಲೋ ಬೇವಿನ ಹಿಂಡಿ ಸೇರಿಸಿದರೆ ಒರಲೆಯ ಕಾಟ ಕಡಿಮೆ. ಅಡಿಯಲ್ಲಿ ತೆಂಗಿನ ಸಿಪ್ಪೆ ಹಾಸುವ ರೂಢಿ ಇದೆಯಲ್ಲ, ಅದು ಇಲ್ಲಿ ಬೇಡ. ಸಿಪ್ಪೆ ನೀರು ಹಿಡಿದಿಡುತ್ತದೆ, ನಮಗೆ ಬೇಕಾದದ್ದು ಅದರ ತದ್ವಿರುದ್ಧ.

ದಿಬ್ಬ ಮಳೆಗೆ ಕೊಚ್ಚಿಹೋಗದಂತೆ ಸುತ್ತ ಮುರಕಲ್ಲಿನ ತುಂಡು ಇಡಿ. ಸಿಮೆಂಟು ಹಾಕಬೇಡಿ, ಕಲ್ಲಿನ ಸಂದಿಯಿಂದ ನೀರು ಸೋರಬೇಕು. ತೆಂಗಿನ ಬುಡಕ್ಕೆ ಮಾಡುವಂತೆ ಬಟ್ಟಲು ಕಟ್ಟಲು ಕೈ ತಾನಾಗಿಯೇ ಹೋಗುತ್ತದೆ. ತಡೆದುಕೊಳ್ಳಿ. ಎರಡು ಗಿಡ ನೆಡುವುದಾದರೆ ನಡುವೆ 12 ಅಡಿ ಅಂತರ ಸಾಕು. ಕೊಂಬೆ ಸವರಿ, ಅಂದರೆ ಕತ್ತರಿಸಿ ಇಡುವ ಮರ, ಬಹಳ ಹರಡುವುದಿಲ್ಲ.

ನೆಡುವ ಹೊತ್ತು

ಎಲ್ಲರೂ ಜೂನ್‌ನಲ್ಲಿ ನೆಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕರಾವಳಿಗೆ ಅದು ಕೆಟ್ಟ ತಿಂಗಳು. ಬೇರು ಹಿಡಿಯದ ಎಳೆ ಗಿಡ ಮೂರು ತಿಂಗಳ ಜಡಿಮಳೆ ತಿನ್ನಬೇಕಾಗುತ್ತದೆ. ಚೌತಿ ಕಳೆದು ಮಳೆ ಬಿಟ್ಟು ಬಿಟ್ಟು ಬರುವಾಗ, ಸೆಪ್ಟೆಂಬರ್ ಎರಡನೇ ವಾರದ ಮೇಲೆ ನೆಡಿ. ಅಕ್ಟೋಬರ್-ನವೆಂಬರ್‌ನ ಗುಡುಗು ಮಳೆ ಬೇರು ಹಿಡಿಯಲು ಸಾಕು. ಮುಂದಿನ ಮಳೆಗಾಲಕ್ಕೆ ಗಿಡ ಗಟ್ಟಿಯಾಗಿರುತ್ತದೆ. ದಿಬ್ಬವನ್ನು ಮಾತ್ರ ಬೇಸಿಗೆಯಲ್ಲೇ, ಅಂದರೆ ಮೇ ಕೊನೆಯ ಪತ್ತನಾಜೆಗೆ ಮೊದಲೇ ಮಾಡಿಟ್ಟರೆ ಒಂದು ಲಾಭ ಇದೆ: ಮಳೆಯಲ್ಲಿ ಅದು ಕೂತುಕೊಳ್ಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗಿಡ ನೆಡುವ ಮೊದಲೇ ಕಣ್ಣಿಗೆ ಕಾಣುತ್ತದೆ.

ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಲಿ. ಕೋಲು ಊರಿ ಸಡಿಲವಾಗಿ ಕಟ್ಟಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕಂಡಾಗ ಚಿವುಟಿ. ಅದನ್ನು ಬಿಟ್ಟರೆ ಕಸಿ ಸತ್ತು ಬುಡದ ಕಾಡು ಗಿಡ ಮಾತ್ರ ಉಳಿಯುತ್ತದೆ.

ಸುಣ್ಣ, ಗೊಬ್ಬರ, ನೀರು

ನಮ್ಮ ಕೆಂಪು ಮುರಮಣ್ಣು ಹುಳಿ ಮಣ್ಣು. ಮಳೆ ಪ್ರತಿ ವರ್ಷ ಅದರಲ್ಲಿರುವ ಸುಣ್ಣದ ಅಂಶ, ಪೊಟ್ಯಾಶ್, ಬೋರಾನ್ ತೊಳೆದುಕೊಂಡು ಹೋಗುತ್ತದೆ. ಸೀತಾಫಲಕ್ಕೆ ಹುಳಿ ಕಡಿಮೆ ಇರುವ ಮಣ್ಣು ಇಷ್ಟ. ಆದ್ದರಿಂದ ಗೊಬ್ಬರಕ್ಕಿಂತ ಮೊದಲು ಸುಣ್ಣ. ಮಂಗಳೂರಿನ ಕಂಕನಾಡಿಯಲ್ಲೂ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣು ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಿ. ಪರೀಕ್ಷೆ ಮಾಡಿಸದವರು ದೊಡ್ಡ ಮರಕ್ಕೆ ಅರ್ಧ ಕಿಲೋ ಡೋಲೊಮೈಟ್ ಸುಣ್ಣ, ಎಳೆ ಗಿಡಕ್ಕೆ ಅದರ ಅರ್ಧ, ವರ್ಷಕ್ಕೆ ಒಮ್ಮೆ ಬುಡದಿಂದ ದೂರ ಹರಡಿ ಮಣ್ಣಿಗೆ ಬೆರೆಸಿದರೆ ಸಾಕು. ಸುಣ್ಣ ಹಾಕಿ ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಫಲ ಕೊಡುವ ಮರಕ್ಕೆ ವರ್ಷಕ್ಕೆ ಎರಡು ಬುಟ್ಟಿ, ಅಂದರೆ 20 ಕಿಲೋ ಆಸುಪಾಸು ಹಟ್ಟಿ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಅರ್ಧ ಕಿಲೋ ಎಲುಬಿನ ಪುಡಿ. ಒಲೆಯ ಬೂದಿ ಇದ್ದರೆ ಅದೇ ಪೊಟ್ಯಾಶ್, ಆದರೆ ಅದನ್ನೂ ಗೊಬ್ಬರದ ಜೊತೆ ಬೆರೆಸದೆ ಬೇರೆ ದಿನ ಕೊಡಿ. ಇದೆಲ್ಲವನ್ನೂ ಎರಡು ಕಂತು ಮಾಡಿ, ಸವರಿದ ಕೂಡಲೇ ಒಂದು, ಕಾಯಿ ಲಿಂಬೆಯ ಗಾತ್ರ ಆದಾಗ ಇನ್ನೊಂದು. ಜೂನ್-ಜುಲೈಯಲ್ಲಿ ಹಾಕಿದ ಗೊಬ್ಬರ ಪಕ್ಕದ ಮನೆಯ ತೋಡಿಗೆ ಹೋಗುತ್ತದೆ, ಆಗ ಬೇಡ. ಬೋರಾನ್‌ಗಾಗಿ ಹಾಕುವ ಬೊರಾಕ್ಸ್ ವರ್ಷಕ್ಕೆ 20 ಗ್ರಾಂ ಮಾತ್ರ. ಒಳ್ಳೆಯದೆಂದು ಜಾಸ್ತಿ ಹಾಕಿದರೆ ಎಲೆಯ ಅಂಚು ಸುಟ್ಟು ಹೋಗುತ್ತದೆ.

ನೀರಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಕೊಡಿ. ದೊಡ್ಡ ಮರಕ್ಕೆ ಹೂವು, ಕಾಯಿ ಇರುವಾಗ ಮಾತ್ರ ವಾರಕ್ಕೊಮ್ಮೆ. ಇದರ ಬೇರು ಮೇಲೆಯೇ ಹರಡುವುದರಿಂದ ಬೇಸಿಗೆಯಲ್ಲಿ ತರಗೆಲೆ ಹೊದಿಸಿ. ಮಳೆ ಶುರುವಾದಾಗ ಅದನ್ನು ಕಾಂಡದಿಂದ ಒಂದು ಅಡಿ ಹಿಂದಕ್ಕೆ ಎಳೆದುಬಿಡಿ. ಒಣ ದಿನಗಳಲ್ಲಿ ಎಲೆ ಪೂರ್ತಿ ಉದುರಿ ಮರ ಬೋಳಾಗಬಹುದು. ಸತ್ತಿತು ಅಂದುಕೊಂಡು ಕಡಿಯಬೇಡಿ. ಉಗುರಿನಿಂದ ಕೊಂಬೆ ಕೆರೆದರೆ ಒಳಗೆ ಹಸಿರು ಕಾಣುತ್ತದೆ, ಅದು ಸುಮ್ನೆ ವಿಶ್ರಾಂತಿ.

ಸವರುವ ತಿಂಗಳೇ ಮುಖ್ಯ

ಕರಾವಳಿಯಲ್ಲಿ ಹಣ್ಣು ಸಿಗುತ್ತದೋ ಇಲ್ಲವೋ ಎನ್ನುವುದು ಇಲ್ಲಿ ತೀರ್ಮಾನವಾಗುತ್ತದೆ.

ಸೀತಾಫಲದ ಹೂವು ಬರುವುದು ಹೆಚ್ಚಾಗಿ ಹೊಸ ಚಿಗುರಿನಲ್ಲಿ. ಹೊಸ ಚಿಗುರು ಬರಬೇಕಾದರೆ ಹಳೆಯ ಕೊಂಬೆ ಸವರಬೇಕು. ಹೂವಿನಿಂದ ಹಣ್ಣಿಗೆ ಸುಮಾರು ನಾಲ್ಕು ತಿಂಗಳು. ಈಗ ಲೆಕ್ಕ ಹಾಕಿ. ಮರವನ್ನು ಅದರ ಪಾಡಿಗೆ ಬಿಟ್ಟರೆ ಮಾರ್ಚ್-ಏಪ್ರಿಲ್‌ನಲ್ಲಿ ಚಿಗುರಿ, ಏಪ್ರಿಲ್-ಮೇಯಲ್ಲಿ ಹೂ ಬಿಟ್ಟು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹಣ್ಣಾಗುತ್ತದೆ. ಘಟ್ಟದ ಮೇಲೆ ಇದೇ ಸರಿಯಾದ ಕಾಲ. ನಮ್ಮಲ್ಲಿ ಕಾಯಿ ಬಲಿಯುವ ಪೂರ್ತಿ ಅವಧಿ ಆಟಿ (ಜುಲೈ-ಆಗಸ್ಟ್) ತಿಂಗಳ ಆಚೀಚಿನ ಮಳೆಯಲ್ಲಿ ಕಳೆಯುತ್ತದೆ. ಬಿಸಿಲಿಲ್ಲದೆ ಸಿಹಿ ಇಲ್ಲ, ತೇವಕ್ಕೆ ಚಿಬ್ಬು ರೋಗ, ಕಪ್ಪು ಕಾಯಿ.

ತೈವಾನಿನ ತೈತುಂಗ್ ಸೀತಾಫಲಕ್ಕೆ ಹೆಸರಾದ ಊರು. ಅದೂ ಕಡಲ ಬದಿಯೇ. ಬೇಸಿಗೆಯಲ್ಲಿ ಮಳೆ, ಜೊತೆಗೆ ಚಂಡಮಾರುತ. ಅಲ್ಲಿನ ಬೆಳೆಗಾರರು ಸವರುವ ತಿಂಗಳು ಬದಲಾಯಿಸಿಯೇ ಬೇಸಿಗೆಯ ಬೆಳೆ, ಚಳಿಗಾಲದ ಬೆಳೆ ಎಂದು ಎರಡು ತೆಗೆಯುತ್ತಾರೆ. ನಮ್ಮಲ್ಲಿ ಡಿಸೆಂಬರ್-ಜನವರಿಯಲ್ಲೂ ರಾತ್ರಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಮರಕ್ಕೆ ಅದು ಚಳಿಯೇ ಅಲ್ಲ. ಹಾಗಿರುವಾಗ ಚಳಿಗಾಲದ ಬೆಳೆಯೇ ನಮಗೆ ಹೊಂದುವ ದಾರಿ.

ಸೋಣ ತಿಂಗಳ ಕೊನೆಗೆ, ಅಂದರೆ ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ, ಎರಡು ದಿನ ಮಳೆ ಬಿಡುವು ನೋಡಿ ಸವರಿ. ಅಕ್ಟೋಬರ್ ನಡುವೆ ಹೂವು ಶುರುವಾಗುತ್ತದೆ. ಗಾಳಿಯಲ್ಲಿ ಇನ್ನೂ ತೇವ ಇರುವುದರಿಂದ ಹೂವು ಬೇಗ ಒಣಗುವುದಿಲ್ಲ. ಕಾಯಿ ಬಲಿಯುವುದು ನವೆಂಬರ್‌ನಿಂದ ಜನವರಿಯ ಒಳ್ಳೆಯ ಬಿಸಿಲಿನಲ್ಲಿ, ಹಣ್ಣು ಫೆಬ್ರವರಿ ಹೊತ್ತಿಗೆ. ಬೆಲೆಕೊಟ್ಟು ತರೋಣವೆಂದರೂ ಆಗ ಪೇಟೆಯಲ್ಲಿ ಸೀತಾಫಲ ಅಪರೂಪ.

ಸವರುವುದು ಹೀಗೆ. ಹೋದ ವರ್ಷ ಬೆಳೆದ ಕೊಂಬೆಗಳನ್ನು ಅರ್ಧ ಅಡಿಯಷ್ಟು ಉಳಿಸಿ ತುಂಡು ಮಾಡಿ. ಒಣಗಿದ್ದು, ಒಳಕ್ಕೆ ತಿರುಗಿದ್ದು, ಒಂದರ ಮೇಲೊಂದು ಉಜ್ಜುವುದು ಎಲ್ಲ ಬುಡದಿಂದ ತೆಗೆಯಿರಿ. ಮರದ ನಡುವೆ ಬಿಸಿಲು ಇಳಿಯಬೇಕು, ಎತ್ತರ ಏಳೆಂಟು ಅಡಿ ದಾಟಬಾರದು. ಕತ್ತಿಯಲ್ಲಿ ಕಡಿದರೆ ಕೊಂಬೆ ಸೀಳುತ್ತದೆ, ಕಟ್ಟರ್ ಬಳಸಿ. ಆಮೇಲೆ ಎಲ್ಲರೂ ಬಿಟ್ಟುಬಿಡುವ ಒಂದು ಕೆಲಸ ಇದೆ: ಉಳಿದ ತುಂಡು ಕೊಂಬೆಗಳಲ್ಲಿರುವ ಎಲೆಗಳನ್ನು ಕೈಯಲ್ಲಿ ಕಿತ್ತು ಹಾಕಬೇಕು. ಈ ಮರದ ಮೊಗ್ಗು ಎಲೆಯ ತೊಟ್ಟಿನ ಬುಡದೊಳಗೇ ಅಡಗಿ ಕೂತಿರುತ್ತದೆ. ತೊಟ್ಟು ಬೀಳುವವರೆಗೆ ಅದು ಹೊರಗೆ ಬರುವುದಿಲ್ಲ. ಎಲೆ ಕಿತ್ತರೆ ಕೆಲವೇ ವಾರದಲ್ಲಿ ಇಡೀ ಮರ ಒಟ್ಟಿಗೆ ಚಿಗುರುತ್ತದೆ.

ದಪ್ಪ ಕೊಂಬೆ ಕಡಿದ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ.

ಬೇಸಿಗೆಯಲ್ಲಿ ಮರ ತಾನಾಗಿ ಬಿಡುವ ಹೂವನ್ನು ಏನು ಮಾಡುವುದು? ಆಸೆ ಇದ್ದರೆ ನಾಲ್ಕೈದು ಕಾಯಿ ಬಿಡಿ, ಉಳಿದದ್ದು ಕಿತ್ತು ಹಾಕಿ. ಎರಡು ಬೆಳೆ ಹೊರಿಸಿದರೆ ಮರ ಸೊರಗುತ್ತದೆ. ಎರಡು ಮರ ಇರುವವರು ಒಂದನ್ನು ಫೆಬ್ರವರಿಯಲ್ಲಿ, ಕೆಡ್ಡಸ ಹಬ್ಬ ಮುಗಿದ ಮೇಲೆ, ಇನ್ನೊಂದನ್ನು ಸೆಪ್ಟೆಂಬರ್‌ನಲ್ಲಿ ಸವರಿ ನೋಡಬಹುದು. ಕೆಡ್ಡಸದ ದಿನಗಳಲ್ಲಿ ಮಣ್ಣು ಕೆದಕುವುದಿಲ್ಲ ಎನ್ನುವ ಮನೆಗಳಲ್ಲಿ ಗೊಬ್ಬರದ ಕೆಲಸಕ್ಕೂ ಅದೇ ಲೆಕ್ಕ.

ಎಳೆ ಗಿಡದಲ್ಲಿ ಮಾತ್ರ ಈ ಕಟು ಸವರುವಿಕೆ ಬೇಡ. ಎರಡೂವರೆ ಅಡಿ ಎತ್ತರದಲ್ಲಿ ತುದಿ ಚಿವುಟಿ, ಸುತ್ತಲೂ ಮೂರು ನಾಲ್ಕು ಕೊಂಬೆ ಬರುವಂತೆ ಮಾಡಿದರೆ ಮೊದಲ ಎರಡು ವರ್ಷಕ್ಕೆ ಸಾಕು.

ಹೂವು ಕಾಯಿಯಾಗಲು ಕೈ ಆಸರೆ

ಸೀತಾಫಲದ ಹೂವು ಕೆಳಮುಖವಾಗಿ ನೇತಾಡುತ್ತದೆ. ದಪ್ಪ ಹಸಿರು-ಹಳದಿ ಎಸಳು ಮೂರು. ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇವೆ, ಆದರೆ ಎರಡೂ ಒಂದೇ ಹೊತ್ತಿಗೆ ತಯಾರಾಗುವುದಿಲ್ಲ. ಮೊದಲು ಹೆಣ್ಣು. ಎಸಳುಗಳು ಸ್ವಲ್ಪವೇ ಬಿರಿದಿರುವಾಗ ಅದು ಪರಾಗಕ್ಕೆ ಕಾಯುತ್ತಿರುತ್ತದೆ. ಎಸಳು ಪೂರ್ತಿ ಅರಳಿ ಪರಾಗ ಉದುರುವ ಹೊತ್ತಿಗೆ ಆ ಹೂವಿನ ಹೆಣ್ಣಿನ ಕಾಲ ಮುಗಿದಿರುತ್ತದೆ. ಪ್ರಕೃತಿಯಲ್ಲಿ ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯುವುದು ಸಣ್ಣ ಸಣ್ಣ ಜೀರುಂಡೆಗಳು. ಜೇನ್ನೊಣಕ್ಕೆ ಈ ಹೂವಿನಲ್ಲಿ ಆಸಕ್ತಿ ಇಲ್ಲ. ಒಂದೇ ಮರ ಇರುವ ಹಿತ್ತಿಲಲ್ಲಿ ಜೀರುಂಡೆಯನ್ನು ನಂಬಿದರೆ ಹತ್ತು ಹೂವಿಗೆ ಒಂದು ಕಾಯಿಯೂ ಕಷ್ಟ.

ಕೆಲಸ ಸುಲಭ. ಸಂಜೆ ನಾಲ್ಕೈದು ಗಂಟೆಗೆ ಮರದ ಸುತ್ತ ಒಂದು ಸುತ್ತು ಹಾಕಿ. ಹಿಂದಿನ ದಿನದಿಂದ ಅರೆ ಬಿರಿದಿದ್ದು ಈಗ ಅಗಲವಾಗುತ್ತಿರುವ ಹೂವುಗಳನ್ನು ಹತ್ತು ಹದಿನೈದು ಕಿತ್ತು ಕಾಗದದ ಮೇಲೆ ಹರಡಿ ಮನೆಯೊಳಗೆ ಇಡಿ. ಬೆಳಿಗ್ಗೆ ಹೊತ್ತಿಗೆ ಒಳಗಿನ ಕೇಸರಗಳು ಬಿಳಿಯಿಂದ ಕಂದು ಬಣ್ಣಕ್ಕೆ ತಿರುಗಿ, ತಟ್ಟಿದರೆ ಉದುರುತ್ತವೆ. ಅದನ್ನು ಒಣ ಕರಡಿಗೆಯಲ್ಲಿ ಹಿಡಿದುಕೊಳ್ಳಿ. ಮಕ್ಕಳ ಡ್ರಾಯಿಂಗಿನ ಸಣ್ಣ ಬ್ರಶ್ ತಗೊಂಡು, ಒಂಬತ್ತು ಗಂಟೆಯ ಒಳಗೆ, ಅರೆ ಬಿರಿದ ಹೂವಿನ ಎಸಳನ್ನು ಬೆರಳಲ್ಲಿ ಮೆಲ್ಲ ಅಗಲಿಸಿ, ನಡುವಿನ ಗೋಪುರದಂಥ ಭಾಗಕ್ಕೆ ಸುತ್ತಲೂ ಪರಾಗ ಹಚ್ಚಿ. ಸುತ್ತಲೂ ಎನ್ನುವುದು ಮುಖ್ಯ. ಹಣ್ಣಿನ ಮೇಲೆ ಕಾಣುವ ಒಂದೊಂದು ಕಣ್ಣೂ ಬೇರೆ ಬೇರೆ ಅಂಡಕೋಶದಿಂದ ಬಂದದ್ದು. ಪರಾಗ ತಾಗದ ಬದಿ ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಸೊಟ್ಟ ಹಣ್ಣು ಕಂಡರೆ ಕಾರಣ ಇದೇ.

ತೆಳು ಕಡ್ಡಿಯ ತುದಿಯ ಹೂವು ಬಿಟ್ಟು ದಪ್ಪ ಕೊಂಬೆಯ ಹೂವು ಆರಿಸಿ, ಹಣ್ಣಿನ ಭಾರ ಹೊರಲು ಅದೇ ಸರಿ. ಕೆಲಸ ಆದ ಹೂವಿಗೆ ನೂಲು ಕಟ್ಟಿಡಿ. ಕೆಲವು ದಿನದಲ್ಲಿ ಎಸಳು ಬಿದ್ದು ಗುಂಡಿಯಷ್ಟು ಹಸಿರು ಕಾಯಿ ಉಳಿದರೆ ಕಟ್ಟಿದೆ ಎಂದರ್ಥ. ಇಡೀ ಹೂವೇ ಉದುರಿದರೆ ಕಟ್ಟಲಿಲ್ಲ. ಮೊದಲ ಬಾರಿ ಫಲ ಬಿಡುವ ಗಿಡದಲ್ಲಿ ಏಳೆಂಟು ಕಾಯಿಗಿಂತ ಜಾಸ್ತಿ ಉಳಿಸಬೇಡಿ.

ಹುಳ, ರೋಗ, ಬಾವಲಿ

ಚಳಿಗಾಲದ ಬೆಳೆಗೆ ಒಂದು ಬೆಲೆ ಕೊಡಬೇಕು, ಅದು ಹಿಟ್ಟು ತಿಗಣೆ. ಮಳೆ ನಿಂತ ಮೇಲೆ ಇದರ ಕಾಟ ಏರುತ್ತದೆ. ಕಾಯಿಯ ಕಣ್ಣುಗಳ ಸಂದಿಯಲ್ಲಿ ಬಿಳಿ ಹಿಟ್ಟಿನಂತೆ ಕೂತು ರಸ ಹೀರುತ್ತದೆ, ಅದರ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದನ್ನು ಮರದಿಂದ ಮರಕ್ಕೆ ಸಾಗಿಸಿ ಸಾಕುವುದು ಇರುವೆಗಳು. ಆದ್ದರಿಂದ ಮೊದಲು ಇರುವೆಯ ದಾರಿ ಮುಚ್ಚಿ. ಕಾಂಡಕ್ಕೆ ಅರ್ಧ ಅಡಿ ಅಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಹಚ್ಚಿ. ಗ್ರೀಸನ್ನು ನೇರ ತೊಗಟೆಗೆ ಹಚ್ಚಬೇಡಿ. ಬೇಲಿಗೋ ಪಕ್ಕದ ಗಿಡಕ್ಕೋ ತಾಗುವ ಕೊಂಬೆ ಕಡಿಯಿರಿ, ಇಲ್ಲದಿದ್ದರೆ ಇರುವೆ ಆ ಸೇತುವೆಯಿಂದ ಬರುತ್ತದೆ.

ಆಗಲೇ ಬಂದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎಣ್ಣೆ ಕರಗುವಷ್ಟು ಸೋಪಿನ ನೀರು ಸೇರಿಸಿ ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಅದಕ್ಕೂ ಮೊದಲು ಒಂದು ಸಲ ಹತ್ತಿರದಿಂದ ನೋಡಿ. ಬಿಳಿ ಹುಳಗಳ ನಡುವೆ ದೊಡ್ಡದಾದ, ಉದ್ದ ಉದ್ದ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಮರಿ ಕಂಡರೆ ಔಷಧಿ ಕೆಳಗಿಡಿ. ಅದು ಕ್ರಿಪ್ಟೊಲೀಮಸ್ ಎನ್ನುವ ಗುಲಗಂಜಿ ಹುಳದ ಮರಿ. ತಿಗಣೆಯನ್ನು ತಿಂದೇ ಬದುಕುತ್ತದೆ, ನೋಡಲು ಮಾತ್ರ ಶತ್ರುವಿನಂತೆಯೇ ಇದೆ.

ಚಿಬ್ಬು ರೋಗಕ್ಕೆ ಬೋರ್ಡೋ ದ್ರಾವಣ. ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೊಳೆರೋಗಕ್ಕೆ ಬಿಡುವ ಅದೇ ಶೇಕಡಾ ಒಂದರ ಮದ್ದು. ಉಳಿದವರಿಗೆ: 100 ಗ್ರಾಂ ಮೈಲುತುತ್ತು 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕಲಸಿ. ಪ್ಲಾಸ್ಟಿಕ್ ಬಕೆಟ್ ಮಾತ್ರ ಬಳಸಿ. ಉಜ್ಜಿ ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಆ ದಿನವೇ ಮುಗಿಸಿ, ನಾಳೆಗೆ ಇಡುವಂತಿಲ್ಲ. ಮಳೆಗೆ ಮೊದಲು ಒಮ್ಮೆ, ಸೆಪ್ಟೆಂಬರ್‌ನಲ್ಲಿ ಸವರಿದ ಮೇಲೆ ಒಮ್ಮೆ ಸಾಕು. ಹೂವು ಬಿಟ್ಟಿರುವಾಗ ಬೇಡ. ಮರದಲ್ಲಿ ಒಣಗಿ ನೇತಾಡುವ ಕಪ್ಪು ಕಾಯಿಗಳನ್ನು ಕಿತ್ತು ಸುಟ್ಟುಬಿಡಿ. ಮುಂದಿನ ವರ್ಷದ ರೋಗ ಅದರೊಳಗೇ ಕೂತಿರುತ್ತದೆ.

ಹಣ್ಣು ನೊಣ, ಅಳಿಲು, ಬಾವಲಿ ಮೂರಕ್ಕೂ ಒಂದೇ ಉಪಾಯ, ಚೀಲ ಕಟ್ಟುವುದು. ಕಾಯಿ ಲಿಂಬೆಗಿಂತ ದೊಡ್ಡದಾದಾಗ ಹಳೆ ಸೊಳ್ಳೆಪರದೆಯ ತುಂಡಿನಲ್ಲಿ ಸಡಿಲವಾಗಿ ಚೀಲ ಮಾಡಿ ಕಟ್ಟಿ. ಕಟ್ಟುವ ಮೊದಲು ಒಳಗೆ ತಿಗಣೆ ಇಲ್ಲವೆಂದು ನೋಡಿಕೊಳ್ಳಿ. ಪ್ಲಾಸ್ಟಿಕ್ ತೊಟ್ಟೆ ಬೇಡ, ಒಳಗೆ ಬೆವರಿ ಹಣ್ಣು ಕೊಳೆಯುತ್ತದೆ.

ಫ್ಲ್ಯಾಟಿನಲ್ಲಿ ಇರುವವರಿಗೆ

200 ಲೀಟರ್ ಡ್ರಮ್ಮನ್ನು ಅರ್ಧ ಮಾಡಿ, ಅಡಿಗೆ ಹತ್ತಾರು ತೂತು ಕೊರೆದು, ಇಟ್ಟಿಗೆಯ ಮೇಲೆ ಎತ್ತಿಡಿ. ಮಣ್ಣು ಎರಡು ಪಾಲು, ಮರಳು ಒಂದು, ಗೊಬ್ಬರ ಒಂದು. ತಾರಸಿಯಲ್ಲಿ ಒಂದು ಅನುಕೂಲ ಉಂಟು: ಮಳೆಗಾಲದಲ್ಲಿ ಡ್ರಮ್ಮನ್ನು ಶೀಟಿನ ಅಡಿಗೆ ಸರಿಸಿದರೆ ಬೇರಿನ ಚಿಂತೆಯೇ ಇಲ್ಲ. ಮರ ಐದು ಅಡಿ ದಾಟದಂತೆ ಸವರಿ. ಹಣ್ಣು ಕಡಿಮೆ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬೇಕು.

ಕೊಯ್ಯುವುದು

ಮರದಲ್ಲೇ ಮೆತ್ತಗಾಗಲಿ ಎಂದು ಕಾಯಬೇಡಿ. ಮೆತ್ತಗಾದ ರಾತ್ರಿಯೇ ಬಾವಲಿ ಬರುತ್ತದೆ, ಅಥವಾ ಹಣ್ಣು ಬಿದ್ದು ಒಡೆಯುತ್ತದೆ. ಕಣ್ಣುಗಳ ನಡುವಿನ ಸಂದಿ ಅಗಲವಾಗಿ ಅಲ್ಲಿ ಹಸಿರು ಹೋಗಿ ಹಳದಿ-ಬಿಳಿ ಬಣ್ಣ ಕಂಡರೆ ಬಲಿತಿದೆ. ತೊಟ್ಟು ಸ್ವಲ್ಪ ಉಳಿಸಿ ಕಟ್ಟರ್‌ನಲ್ಲಿ ಕತ್ತರಿಸಿ. ಮನೆಯೊಳಗೆ ಒಂದರ ಮೇಲೊಂದು ಬೀಳದಂತೆ ಇಟ್ಟರೆ ಎರಡರಿಂದ ನಾಲ್ಕು ದಿನದಲ್ಲಿ ಹಣ್ಣಾಗುತ್ತದೆ. ಕಾಯಿ ಇರುವಾಗ ಫ್ರಿಜ್ಜಿಗೆ ಹಾಕಿದರೆ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಹಣ್ಣಾಗುವುದೇ ಇಲ್ಲ. ಹಣ್ಣಾದ ಮೇಲೆ ಒಂದೆರಡು ದಿನ ಇಡಬಹುದು.

ಎಲ್ಲ ಒಟ್ಟಿಗೆ ಹಣ್ಣಾದರೆ ತಿರುಳು ತೆಗೆದು ಫ್ರೀಜರಿನಲ್ಲಿ ಇಡಿ, ಐಸ್‌ಕ್ರೀಮಿಗೆ, ಹಾಲಿನ ಜೊತೆ ಕುಡಿಯಲು ಆಗುತ್ತದೆ. ಬೇಯಿಸಿದರೆ ತಿರುಳು ಕಹಿಯಾಗುತ್ತದೆ, ಹಲ್ವಕ್ಕೆ ಪ್ರಯತ್ನಿಸಬೇಡಿ. ತಿರುಳನ್ನು ಬೀಜದ ಸಮೇತ ಮಿಕ್ಸಿಗೆ ಹಾಕುವುದಂತೂ ಬೇಡವೇ ಬೇಡ. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಪುಡಿಯಾದ ಬೀಜ ವಿಷ. ಹೇನಿಗೆಂದು ಬೀಜ ಅರೆದು ತಲೆಗೆ ಹಚ್ಚುವ ಹಳೆಯ ಮದ್ದು ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರ (ಕಾರ್ನಿಯಾ) ಸುಟ್ಟು ದೃಷ್ಟಿಗೇ ಕುತ್ತು ಬರುತ್ತದೆ. ಮಕ್ಕಳ ತಲೆಗೆ ಹಚ್ಚಲೇಬೇಡಿ. ಅಕಸ್ಮಾತ್ ಕಣ್ಣಿಗೆ ತಾಗಿದರೆ ತುಂಬ ನೀರಿನಲ್ಲಿ ತೊಳೆದು ಆ ಕೂಡಲೇ ಕಣ್ಣಿನ ವೈದ್ಯರ ಹತ್ತಿರ ಹೋಗಿ.